ಬಳೆಮಂಟಪ

ಅಕ್ಕಂದಿರೇ, ಬಳೆ ಅಂದರೆ ನಮಗೆ ಗಾಜಿನ ಬಳೆ ನೆನಪಾಗುತ್ತದೆ. ಕಲ್ಲಿನ ಬಳೆ ನೋಡಿದ್ದೀರಾ? ಅದು ನಮ್ಮ ಯಳಂದೂರಿನಲ್ಲೇ ಇದೆ.

ಕೊಳ್ಳೇಗಾಲ, ಹನೂರು ಕಡೆಯಿಂದ ನಾವು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗ್ತೀವಿ. ದಾರಿಯಲ್ಲಿ ಯಳಂದೂರು ಸಿಗುತ್ತದೆ. ಊರೊಳಗೆ ಗೌರೀಶ್ವರ ದೇವಸ್ಥಾನ ಇದೆ. ಅದರ ಹೆಬ್ಬಾಗಿಲೇ ಬಳೆಮಂಟಪ.

ನಂಜನಗೂಡಿನಲ್ಲಿ ಬಾಗಿಲ ಮೇಲೆ ಎತ್ತರದ ಗೋಪುರ ಇದೆ. ಇಲ್ಲಿ ಗೋಪುರ ಇಲ್ಲ. ಆದರೂ ಜನ ಈ ಬಾಗಿಲನ್ನೇ ನೋಡಲು ಬರುತ್ತಾರೆ. ಯಾಕೆ ಗೊತ್ತಾ? ಗೋಡೆಗಳ ಮೇಲೆ ನರಸಿಂಹ, ದಕ್ಷಿಣಾಮೂರ್ತಿ, ವಾಲಿ ಸುಗ್ರೀವರ ಕಾಳಗ ಕೆತ್ತಿದ್ದಾರೆ. ಅಕ್ಷರ ಬಾರದವರೂ ಇಲ್ಲಿ ಕತೆ ಓದಬಹುದು!

ಮಂಟಪದ ಮೂಲೆಗಳಲ್ಲಿ ಕಲ್ಲಿನ ಬಳೆಗಳ ಸರಪಳಿ ಮಾಡಿದ್ದಾರೆ. ಒಂದು ಬಳೆಯೊಳಗೆ ಇನ್ನೊಂದು ಬಳೆ. ಅದಕ್ಕೇ ಬಳೆಮಂಟಪ ಅಂತ ಹೆಸರು.

ಇದನ್ನು ಹೇಗೆ ಮಾಡಿದರು? ಕಬ್ಬಿಣದ ಸರಪಳಿಯನ್ನು ಕಾಯಿಸಿ, ಬಗ್ಗಿಸಿ, ಕೂಡಿಸುತ್ತಾರೆ. ಕಲ್ಲು ಬಗ್ಗುವುದಿಲ್ಲ. ಒಂದೇ ಕಲ್ಲಿನಲ್ಲಿ ಬಳೆಗಳ ಗುರುತು ಹಾಕಬೇಕು. ಬಳೆಗಳ ನಡುವಿನ ಕಲ್ಲನ್ನು ಉಳಿಯಿಂದ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಒಂದು ಏಟು ತಪ್ಪಿದರೂ ಬಳೆ ಒಡೆಯುತ್ತದೆ. ಅಷ್ಟು ದಿನದ ಕೆಲಸ ಹಾಳು.

ಇಲ್ಲಿ ಒಂದು ಶಾಸನ ಇದೆ. ಕಲ್ಲಿನ ಮೇಲೆ ಕೆತ್ತಿದ ಬರಹವೇ ಶಾಸನ. ಇದು 1654-55ನೇ ಇಸವಿಯದು. ಹದಿನಾಡಿನ ಅರಸು ಮುದ್ದರಾಜನ ಹೆಸರು ಇದರಲ್ಲಿದೆ. ಬರೆದಿಟ್ಟಿದ್ದರಿಂದ ಆ ಹೆಸರು ಉಳಿಯಿತು. ಉಳಿ ಹಿಡಿದು ದುಡಿದವರ ಹೆಸರು ನಮಗೆ ತಿಳಿಯದು. ಅವರ ಗುರುತಾಗಿ ಅವರ ಕೈಕೆಲಸ ಮಾತ್ರ ಉಳಿದಿದೆ.

ಆ ಕೆಲಸವನ್ನು ಕಾಪಾಡುವವರು ಯಾರು? ಸರ್ಕಾರ ಇದನ್ನು ಸಂರಕ್ಷಿತ ಸ್ಮಾರಕ ಎಂದು ಸಾರಿದೆ. ಕೆಡಿಸುವುದು ಅಪರಾಧ. ಆದರೆ ಕಾವಲುಗಾರ ಒಬ್ಬನಿಂದ ಎಲ್ಲ ಆಗುತ್ತದೆಯೇ? ಹಳೆಯ ಗುಡಿಗಳಲ್ಲಿ ಕೆಲವರು ಮೊಳೆಯಿಂದ ಹೆಸರು ಗೀಚುತ್ತಾರೆ. ಸುಣ್ಣ, ಎಣ್ಣೆ, ಕುಂಕುಮ ಬಳಿಯುತ್ತಾರೆ. ಮಕ್ಕಳು ಕೆತ್ತನೆ ಹಿಡಿದು ಜಗ್ಗುತ್ತಾರೆ. ಗಾಜಿನ ಬಳೆ ಒಡೆದರೆ ಸಂತೆಯಲ್ಲಿ ಇನ್ನೊಂದು ಡಜನ್ ಸಿಗುತ್ತದೆ. ಈ ಬಳೆ ಒಡೆದರೆ ಎಲ್ಲಿಂದ ತರೋಣ?

ನಾವು ಈಗ ಹೆಸರು ಬರೆಯಲು ಕಲಿತಿದ್ದೇವೆ. ಎಲ್ಲ ಕಡೆ ಬರೆಯೋಣ ಅನ್ನಿಸುತ್ತದೆ, ಅಲ್ವಾ? ಪುಸ್ತಕದಲ್ಲಿ ಬರೆಯೋಣ. ಸಂಘದ ಲೆಕ್ಕದಲ್ಲಿ, ಅರ್ಜಿಯಲ್ಲಿ ಬರೆಯೋಣ. ಹಳೆಯ ಕಲ್ಲಿನ ಮೇಲೆ ಮಾತ್ರ ಬೇಡ. ಅಲ್ಲಿ ಹಿಂದಿನವರು ಬರೆದದ್ದನ್ನು ನೋಡೋಣ, ಮಕ್ಕಳಿಗೂ ತೋರಿಸೋಣ.

ನಿಮ್ಮ ಊರಿನಲ್ಲಿ ಹಳೆಯ ಬಾಗಿಲು, ಗೋಡೆ, ಬರಹದ ಕಲ್ಲು ಇದೆಯೇ? ಈಗ ಹೇಗಿದೆ? ಎಲ್ಲರೂ ಕೂಡಿ ಮಾತಾಡಿ.