ಸದ್ದು ಸೋರದ ಗಾಜು

ಲಂಡನ್ನಿನ ಕ್ಯಾಮ್‌ಡೆನ್‌ನಲ್ಲಿ ರೌಂಡ್‌ಹೌಸ್ ಎಂಬ ದುಂಡನೆಯ ಕಟ್ಟಡವಿದೆ. 1847ರ ಹೊತ್ತಿಗೆ ಅದನ್ನು ಕಟ್ಟಿದ್ದು ರೈಲು ಎಂಜಿನ್‌ಗಳನ್ನು ನಿಲ್ಲಿಸಲು, ನಡುವಿನ ತಿರುಗಟ್ಟೆಯ ಮೇಲೆ ಅವುಗಳ ದಿಕ್ಕು ಬದಲಿಸಲು. ಎಂಜಿನ್‌ಗಳು ಉದ್ದವಾಗುತ್ತಾ ಹೋದಂತೆ ಈ ಶೆಡ್ಡು ಸಾಲದಾಯಿತು. ಮುಂದೆ ಹಲವು ದಶಕ ಅದು ಮದ್ಯದ ಗೋದಾಮಾಗಿತ್ತು. 1960ರ ದಶಕದಲ್ಲಿ ನಾಟಕ ಬಂತು, ರಾಕ್ ಸಂಗೀತ ಬಂತು. 1966ರ ಅಕ್ಟೋಬರಿನಲ್ಲಿ ಪಿಂಕ್ ಫ್ಲಾಯ್ಡ್ ಇಲ್ಲಿ ನುಡಿಸಿತು. 1983ರಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆದದ್ದು ಜೀರ್ಣೋದ್ಧಾರದ ನಂತರ, 2006ರಲ್ಲಿ.

ಸುತ್ತಮುತ್ತ ಜನ ವಾಸಿಸುವ ಮನೆಗಳಿವೆ. ಒಳಗೆ ಸಾವಿರಾರು ಜನರೆದುರು ರಾಕ್ ತಂಡ ನುಡಿಸುವಾಗ ಸದ್ದು 100 ಡೆಸಿಬೆಲ್ ಆಸುಪಾಸು ಇರುತ್ತದೆ. ಹಳೆಯ ಚಾವಣಿ ಇದನ್ನು ತಡೆಯುವಂಥದ್ದಲ್ಲ. ವಾಸ್ತುಶಿಲ್ಪಿ ಜಾನ್ ಮೆಕ್‌ಆಸ್ಲನ್ ಅವರ ತಂಡ ಹಲವು ಪದರಗಳ ಶಬ್ದನಿರೋಧಕ ಚಾವಣಿ ಹೊದಿಸಿತು. ಅಷ್ಟಕ್ಕೇ ಬಿಡದೆ, ಮೂಲ ವಿನ್ಯಾಸದಲ್ಲಿದ್ದ ಗಾಜಿನ ಬೆಳಕಿಂಡಿಗಳನ್ನೂ ಚಾವಣಿಗೆ ಮರಳಿಸಿತು. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಶಬ್ದ ತಡೆಯಲು ಕಿಂಡಿಗಳನ್ನು ಮುಚ್ಚಿಬಿಡುವುದು ಸುಲಭ. ಬೆಳಕನ್ನು ಬಿಟ್ಟು ಸದ್ದನ್ನಷ್ಟೇ ತಡೆಯುವುದು ಕಷ್ಟ.

ಯಾಕೆ ಕಷ್ಟ? ಶಬ್ದ ಗಾಜಿನೊಳಗೆ ತೂರಿಕೊಂಡು ಹೋಗುವುದಿಲ್ಲ. ಅದು ಗಾಜನ್ನೇ ಅಲುಗಿಸುತ್ತದೆ. ಅಲುಗಿದ ಗಾಜು ಆಚೆ ಬದಿಯ ಗಾಳಿಯನ್ನು ಅಲುಗಿಸುತ್ತದೆ. ಗಾಜು ಭಾರವಾದಷ್ಟೂ ಅಲುಗಾಟ ಕಡಿಮೆ. ಆದರೆ ತೂಕ ಇಮ್ಮಡಿಯಾದರೆ ತಗ್ಗುವುದು ಸುಮಾರು 5ರಿಂದ 6 ಡೆಸಿಬೆಲ್ ಮಾತ್ರ, ಕಿವಿಗೆ ಸದ್ದು ಅರ್ಧಕ್ಕಿಳಿದಂತೆ ಅನ್ನಿಸಬೇಕಾದರೆ 10 ಡೆಸಿಬೆಲ್ ಇಳಿಯಬೇಕು. 4 ಮಿಲಿಮೀಟರ್ ಗಾಜಿನ ತೂಕ ಚದರ ಮೀಟರಿಗೆ 10 ಕಿಲೋ. 32 ಮಿಲಿಮೀಟರಿನದು 80 ಕಿಲೋ. ದಪ್ಪ ಹೆಚ್ಚಿಸುತ್ತಲೇ ಹೋದರೆ ಹಳೆಯ ಚೌಕಟ್ಟುಗಳು ಆ ಭಾರ ಹೊರಲಾರವು.

ಇನ್ನೊಂದು ತೊಡಕಿದೆ. ಪ್ರತಿ ಗಾಜಿಗೂ ತಾನು ಸೋಲುವ ಒಂದು ಸ್ವರಮಟ್ಟ ಇರುತ್ತದೆ. 4 ಮಿಲಿಮೀಟರ್ ಗಾಜಿಗೆ ಅದು ಸುಮಾರು 3,000 ಹರ್ಟ್ಸ್, 6 ಮಿಲಿಮೀಟರಿಗೆ ಸುಮಾರು 2,000. ಆ ಮಟ್ಟದಲ್ಲಿ ಗಾಜಿನ ಬಾಗುವಿಕೆಯ ಅಲೆ ಗಾಳಿಯ ಅಲೆಯೊಂದಿಗೆ ಹೆಜ್ಜೆ ಹಾಕಿ ಸದ್ದನ್ನು ಸಲೀಸಾಗಿ ದಾಟಿಸಿಬಿಡುತ್ತದೆ. ಅದಕ್ಕೇ ತಜ್ಞರು ಎರಡು ಗಾಜುಗಳ ನಡುವೆ ಮೆದು ಪ್ಲಾಸ್ಟಿಕ್ ಪದರ ಅಂಟಿಸಿದ ಲ್ಯಾಮಿನೇಟೆಡ್ ಗಾಜು ಬಳಸುತ್ತಾರೆ. ಕಾರಿನ ಮುಂಗಾಜು ಇದೇ ಜಾತಿಯದು. ಆ ಪದರ ಕಂಪನದ ಶಕ್ತಿಯನ್ನು ಹೀರಿ ಬಿಸಿಯಾಗಿ ಕರಗಿಸುತ್ತದೆ.

ಚಳಿದೇಶಗಳ ಮನೆಗಳಲ್ಲಿ ಶಾಖ ಉಳಿಸಲು ಹಾಕುವ ಜೋಡಿಗಾಜು ಇಲ್ಲಿ ಸಾಕಾಗದು. ಎರಡು 4 ಮಿಲಿಮೀಟರ್ ಗಾಜುಗಳ ನಡುವೆ 16 ಮಿಲಿಮೀಟರ್ ಗಾಳಿಯಿದ್ದರೆ ಆ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ, 200 ಹರ್ಟ್ಸ್ ಆಸುಪಾಸಿನಲ್ಲಿ ಎರಡೂ ಗಾಜುಗಳನ್ನು ಒಟ್ಟಿಗೆ ಕುಣಿಸುತ್ತದೆ. ಬೇಸ್ ಗಿಟಾರು ಓಡಾಡುವ ಮಂದ್ರದ ಸೀಮೆಯಲ್ಲೇ ತಡೆ ಸಡಿಲಗೊಳ್ಳುತ್ತದೆ. ಅಂತರವನ್ನು 200 ಮಿಲಿಮೀಟರಿಗೆ ಹಿಗ್ಗಿಸಿ. ಅದೇ ಅನುರಣನೆ 60 ಹರ್ಟ್ಸ್‌ಗೆ ಇಳಿಯುತ್ತದೆ. ಎರಡು ಗಾಜುಗಳ ದಪ್ಪ ಬೇರೆ ಬೇರೆ ಇಟ್ಟರೆ ಇನ್ನೂ ಒಳ್ಳೆಯದು: ಒಂದು ಸೋಲುವಲ್ಲಿ ಇನ್ನೊಂದು ನಿಲ್ಲುತ್ತದೆ.

ಪಾರಂಪರಿಕ ಕಟ್ಟಡಗಳಿಗೆ ಈ ಅಗಲದ ಅಂತರ ಒಂದು ವರ. ದಪ್ಪ ಗೋಡೆಯ ಹೊರಮೈಯಲ್ಲಿ ಹಳೆಯ ಕಿಟಕಿಯನ್ನು ಇದ್ದಂತೆಯೇ ಉಳಿಸಿ, ಒಳಬದಿಗೆ ಭಾರದ ಹೊಸ ಗಾಜನ್ನು ಬೇರೆ ಚೌಕಟ್ಟಿನಲ್ಲಿ ನಿಲ್ಲಿಸಬಹುದು. ಬೀದಿಯಿಂದ ನೋಡಿದವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಮುಂದೆಂದಾದರೂ ಬೇಡವೆನಿಸಿದರೆ ಮೂಲಕ್ಕೆ ಧಕ್ಕೆಯಾಗದಂತೆ ಬಿಚ್ಚಿಡಲೂಬಹುದು. ಎರಡು ಗಾಜುಗಳ ನಡುವಿನ ಅಂಚುಗಳಿಗೆ ಶಬ್ದ ಹೀರುವ ಹೊದಿಕೆ ಹಾಕುತ್ತಾರೆ.

ಲಂಡನ್ನಿನಲ್ಲೇ ಇರುವ ಸೇಂಟ್ ಲ್ಯೂಕ್ಸ್ ಚರ್ಚಿನದು ತಿರುವುಮುರುವಾದ ಕಥೆ. 1733ರ ಈ ಕಟ್ಟಡ ನೆಲ ಕುಸಿದು, ಚಾವಣಿ ಕಳೆದುಕೊಂಡು, ದಶಕಗಳ ಕಾಲ ಪಾಳುಬಿದ್ದಿತ್ತು. 2003ರಿಂದ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಸಂಗೀತಕೇಂದ್ರವಾಗಿದೆ. ಇಂಥಲ್ಲಿ ಒಂಟಿ ಪಿಟೀಲಿನ ಎಳೆ ಕೇಳಬೇಕಾದರೆ ಹೊರಗಿನ ಓಲ್ಡ್ ಸ್ಟ್ರೀಟ್‌ನ ಬಸ್ಸು ಒಳಗೆ ಕೇಳಬಾರದು. ಭಾರದ ಗಾಜಿನ ಇನ್ನೊಂದು ಉಪಕಾರ ಕಾಣುವುದು ಇಂಥ ಸಭಾಂಗಣದಲ್ಲೇ: ತೆಳು ಗಾಜು ತಾನೇ ಕಂಪಿಸಿ ಸಂಗೀತದ ಮಂದ್ರಸ್ವರಗಳನ್ನು ನುಂಗುತ್ತದೆ, ದಪ್ಪ ಗಾಜು ಅವನ್ನು ಸಭೆಗೆ ಮರಳಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಕೆಲಸ ಕೆಡುವುದು ಸಂದುಗಳಲ್ಲಿ. ಕಿಟಕಿಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು, ಗಾಜು ಎಷ್ಟೇ ದುಬಾರಿಯಾಗಿರಲಿ, ಒಟ್ಟು ತಡೆ ಸುಮಾರು 20 ಡೆಸಿಬೆಲ್ಲಿಗೆ ನಿಂತುಬಿಡುತ್ತದೆ. ಹಾಗೆಂದು ಎಲ್ಲವನ್ನೂ ಬಿಗಿದರೆ ಸಭಿಕರಿಗೆ ಗಾಳಿ ಬೇಕಲ್ಲ. ಅದಕ್ಕೆ ಅಗಲವಾದ ಕೊಳವೆಗಳಲ್ಲಿ ನಿಧಾನವಾಗಿ, ಸದ್ದಿಲ್ಲದೆ ಗಾಳಿ ಹಾಯಿಸುವ ವ್ಯವಸ್ಥೆಯೂ ಜೊತೆಗೇ ಬೇಕು.

ಹಳೆಯ ಕಟ್ಟಡವನ್ನು ರಂಗಮಂದಿರವಾಗಿಸಲು ಹೊರಟವರಲ್ಲಿ ನನ್ನದೊಂದು ಕೋರಿಕೆ: ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸುವ ತೀರ್ಮಾನಕ್ಕೆ ಮೊದಲು ಶಬ್ದತಜ್ಞರನ್ನು ಒಮ್ಮೆ ಸ್ಥಳಕ್ಕೆ ಕರೆಸಿ.