ಗುಟ್ಟಿದ್ದರೆ ಮಾತು ಹುಟ್ಟೀತು: ಪರಭಾಷೆಯ ತರಗತಿಯಲ್ಲಿ ಆಟ

ಪರಭಾಷೆಗಳ ಕಲಿಕೆಯ ಬಗ್ಗೆ ಒಂದು ಮಾತುಕತೆಯ ಕಾರ್ಯಕ್ರಮವನ್ನು ಚಿತ್ರೀಕರಿಸುತ್ತಿದ್ದೆವು. ಪದವಿಪೂರ್ವ ತರಗತಿಯಲ್ಲಿ ಫ್ರೆಂಚ್ ತೆಗೆದುಕೊಂಡು 100ಕ್ಕೆ 96 ಅಂಕ ಪಡೆದಿದ್ದ ಒಬ್ಬ ವಿದ್ಯಾರ್ಥಿನಿಯನ್ನೂ ಸ್ಟುಡಿಯೋಗೆ ಕರೆಸಿದ್ದೆವು. ಅತಿಥಿಯಾಗಿ ಬಂದಿದ್ದ ಅಧ್ಯಾಪಕಿ ಆಕೆಯ ಕಡೆ ತಿರುಗಿ ಫ್ರೆಂಚಿನಲ್ಲಿ "ನಿನ್ನೆ ಸಂಜೆ ಏನು ಮಾಡಿದೆ?" ಎಂದು ಕೇಳಿದರು. ಹುಡುಗಿ ನಕ್ಕಳು, ನೆಲ ನೋಡಿದಳು, ಕೊನೆಗೆ ಕನ್ನಡದಲ್ಲಿ, "ಮೇಡಂ, ಭೂತಕಾಲದ ರೂಲ್ ಬೇಕಾದರೆ ಹೇಳ್ತೀನಿ" ಎಂದಳು. ಹೇಳಿದಳು ಕೂಡ, ಒಂದು ತಪ್ಪೂ ಇಲ್ಲದೆ.

ಕಂಟ್ರೋಲ್ ರೂಮಿನಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ವಿಜ್ಞಾನ ಓದಿದವನು. ಓಮನ ನಿಯಮವನ್ನು ಗಡಗಡನೆ ಒಪ್ಪಿಸಿ, ಪ್ರಯೋಗಶಾಲೆಗೆ ಹೋದಾಗ ಅಮ್ಮೀಟರನ್ನು ಎಲ್ಲಿ ಜೋಡಿಸಬೇಕೆಂದು ತಿಳಿಯದೆ ನಿಂತವರಲ್ಲಿ ನಾನೂ ಒಬ್ಬ. ಎರಡು ವರ್ಷ ಓದಿ, ಒಳ್ಳೆಯ ಅಂಕ ಪಡೆದು, ಒಂದು ವಾಕ್ಯ ಆಡಲಾಗದೆ ಹೊರಬರುವ ವಿದ್ಯಾರ್ಥಿ ದಡ್ಡನಲ್ಲ. ಆತನಿಗೆ ಆ ಭಾಷೆಯಲ್ಲಿ ಮಾತನಾಡುವ ಅಗತ್ಯವೇ ಒಮ್ಮೆಯೂ ಬಂದಿರುವುದಿಲ್ಲ, ಅಷ್ಟೆ.

ಆ ಅಧ್ಯಾಪಕಿ ತಮ್ಮ ಚೀಲದಿಂದ ಒಂದು ಹಾಳೆ ತೆಗೆದರು. ಅದರಲ್ಲಿ 16 ಮುಖಗಳ ಚಿತ್ರಗಳಿದ್ದವು: ಕನ್ನಡಕದವರು, ಮೀಸೆಯವರು, ಟೋಪಿಯವರು, ಬೋಳುತಲೆಯವರು, ಹೆಂಗಸರು, ಗಂಡಸರು. ಅಂಥದೇ ಇನ್ನೊಂದು ಹಾಳೆ ಪಕ್ಕದ ವಿದ್ಯಾರ್ಥಿಗೆ ಹೋಯಿತು. ಆತ ಒಂದು ಮುಖವನ್ನು ಮನಸ್ಸಿನಲ್ಲೇ ಆರಿಸಿಕೊಳ್ಳಬೇಕು. ಅದು ಯಾರೆಂದು ಈಕೆ ಪತ್ತೆಮಾಡಬೇಕು. ಕೇಳುವುದು ಫ್ರೆಂಚಿನಲ್ಲಿ ಮಾತ್ರ. ಉತ್ತರ "ವೀ" ಅಥವಾ "ನಾನ್", ಎಂದರೆ ಹೌದು ಅಥವಾ ಇಲ್ಲ, ಇವೆರಡರಲ್ಲಿ ಒಂದು. ಆಟಕ್ಕೆ ಬೇಕಾದ ಆರೇಳು ಪದಗಳನ್ನು ಮೊದಲೇ ಹಲಗೆಯ ಮೇಲೆ ಬರೆದಿದ್ದರು.

ಮೊದಲ ಸುತ್ತಿನಲ್ಲಿ ಹುಡುಗಿ ಒಂದೊಂದೇ ಮುಖವನ್ನು ಬೆರಳಿಟ್ಟು "ಇವನಾ? ಇವಳಾ?" ಎಂದು ಕೇಳುತ್ತ ಹೋದಳು. ಎರಡನೆಯ ಸುತ್ತಿಗೆ ಲೆಕ್ಕ ಹೊಳೆಯಿತು. ಒಂದೇ ಪ್ರಶ್ನೆಯಲ್ಲಿ ಅರ್ಧದಷ್ಟು ಜನರನ್ನು ಕೈಬಿಡುವಂತಿದ್ದರೆ 16 ಎಂಟಾಗುತ್ತದೆ, ಎಂಟು ನಾಲ್ಕಾಗುತ್ತದೆ, ನಾಲ್ಕು ಎರಡಾಗುತ್ತದೆ, ಎರಡು ಒಂದಾಗುತ್ತದೆ. ನಾಲ್ಕೇ ಪ್ರಶ್ನೆ! (ಇದೇ ಜಾಡಿನಲ್ಲಿ ಹೋದರೆ 20 ಪ್ರಶ್ನೆಗಳಲ್ಲಿ 10,48,576 ವಸ್ತುಗಳ ನಡುವಿನಿಂದ ಒಂದನ್ನು ಹೆಕ್ಕಬಹುದು. ಲೆಕ್ಕ ಮಾಡಿ ನೋಡಿ.) ಆದರೆ ನಾಲ್ಕರಲ್ಲಿ ಮುಗಿಸಬೇಕಾದರೆ "ಕನ್ನಡಕ ಹಾಕಿದ್ದಾರೆಯೇ?", "ಟೋಪಿ ಇದೆಯೇ?" ಎಂಬ ಪೂರ್ತಿ ಪ್ರಶ್ನೆಗಳೇ ಬೇಕು. ಹತ್ತು ನಿಮಿಷದಲ್ಲಿ ಆಕೆ ಮೂವತ್ತಕ್ಕೂ ಹೆಚ್ಚು ಪ್ರಶ್ನೆ ಕೇಳಿದ್ದಳು. ತಪ್ಪುಗಳಿದ್ದವು. ಆದರೂ ಕ್ಯಾಮೆರಾ ಇರುವುದು ಆಕೆಗೆ ಮರೆತೇ ಹೋಗಿತ್ತು. ಒಂದೇ ವಾಕ್ಯರಚನೆಯನ್ನು ಮೂವತ್ತು ಸಲ ಹೇಳಿ ಎಂದು ಯಾರಾದರೂ ಆಜ್ಞೆ ಮಾಡಿದ್ದರೆ ಐದನೆಯ ಸಲಕ್ಕೇ ಆಕಳಿಕೆ ಬರುತ್ತಿತ್ತು.

ಇದು ಹೇಗೆ ಕೆಲಸ ಮಾಡಿತು? ಅಧ್ಯಾಪಕರು ಪೆನ್ನನ್ನು ಎತ್ತಿ ಹಿಡಿದು "ಇದೇನು?" ಎಂದು ಕೇಳುವುದನ್ನು ನೆನಪಿಸಿಕೊಳ್ಳಿ. ಅದು ಪೆನ್ನೆಂದು ಕೇಳುವವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು. ನಿತ್ಯಜೀವನದಲ್ಲಿ ಯಾರೂ ಹೀಗೆ ಮಾತನಾಡುವುದಿಲ್ಲ. ಮಾತು ಹುಟ್ಟುವುದು ನನಗೆ ತಿಳಿಯದ್ದು ನಿಮಗೆ ತಿಳಿದಿರುವಾಗ. ಈ ಕೊರತೆಯನ್ನು ಭಾಷಾಬೋಧನೆಯವರು 'ಮಾಹಿತಿಯ ಅಂತರ' ಎನ್ನುತ್ತಾರೆ. ನಾನು ಅದನ್ನು ಗುಟ್ಟು ಎಂದೇ ಕರೆಯುತ್ತೇನೆ. ಆಟದಲ್ಲಿ ಒಂದು ಗುಟ್ಟಿರಬೇಕು, ಅದನ್ನು ತಲಪಲು ಕಲಿಯುತ್ತಿರುವ ಭಾಷೆಯೊಂದೇ ದಾರಿಯಾಗಿರಬೇಕು. ಇವೆರಡೂ ಇಲ್ಲದಿದ್ದರೆ ಆಟ ಬರಿಯ ಮನರಂಜನೆ.

ಈ 'ಅಂತರ'ದ ವಿಚಾರಕ್ಕೂ ನಮ್ಮ ಬೆಂಗಳೂರಿಗೂ ನಂಟಿದೆ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಒಂದು ಹೊಸ ಪ್ರಯೋಗ ನಡೆಸಿದರು. ಜಗತ್ತಿನ ಭಾಷಾಬೋಧಕರಿಗೆ ಅದು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಪರಿಚಿತ. ವ್ಯಾಕರಣದ ಪಾಠಪಟ್ಟಿಯನ್ನು ಬದಿಗಿಟ್ಟು, ಬಿಡಿಸಬೇಕಾದ ಸಮಸ್ಯೆಗಳನ್ನೇ ಅವರು ಮಕ್ಕಳ ಮುಂದಿಟ್ಟರು. ಆ ಅನುಭವದ ಮೇಲೆ ಬರೆದ ಅವರ ಪುಸ್ತಕ 1987ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಮೂರು ಬಗೆಯ ಅಂತರಗಳನ್ನು ಗುರುತಿಸುತ್ತಾರೆ: ಮಾಹಿತಿಯದು, ತರ್ಕದ್ದು, ಅಭಿಪ್ರಾಯದ್ದು. ಅವರ ಒಲವು ತರ್ಕದ ಕಡೆಗೆ. ರೈಲಿನ ವೇಳಾಪಟ್ಟಿಯನ್ನು ಓದಿ ಹೇಳುವುದು ಒಂದು ಕೆಲಸ. ಅದೇ ಪಟ್ಟಿಯನ್ನು ನೋಡಿ "ಹತ್ತು ಗಂಟೆಯ ಸಭೆಗೆ ತಲಪಲು ಯಾವ ಗಾಡಿ ಹಿಡಿಯಬೇಕು?" ಎಂದು ತೀರ್ಮಾನಿಸುವುದು ಇನ್ನೊಂದು ಕೆಲಸ. ಎರಡನೆಯದರಲ್ಲಿ ತಲೆ ಓಡಬೇಕು, ತಲೆಯ ಹಿಂದೆ ಭಾಷೆಯೂ ಓಡಬೇಕು. ಪ್ರಭು ಅವರ ಕೆಲಸ ಇಂಗ್ಲಿಷಿಗೆ ಸಂಬಂಧಿಸಿದ್ದು ನಿಜ. ಫ್ರೆಂಚ್, ಜರ್ಮನ್, ಜಪಾನಿ ತರಗತಿಗಳಿಗೂ ಅದು ಅಷ್ಟೇ ಒಪ್ಪುತ್ತದೆಂದು ನನ್ನ ಅಭಿಪ್ರಾಯ.

ಈಗ ಅಂಕಿಗಳ ವಿಷಯ. ಇದೊಂದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಪಠ್ಯಪುಸ್ತಕದಲ್ಲಿ ಇದಕ್ಕೆ ಸಿಗುವುದು ಒಂದೇ ಪುಟ, ಪರದೇಶದಲ್ಲಿ ಪೇಚಿಗೆ ಸಿಕ್ಕಿಸುವುದು ಇದೇ. 97ಕ್ಕೆ ನಾವು ತೊಂಬತ್ತೇಳು ಎನ್ನುತ್ತೇವೆ, ಮೊದಲು ದೊಡ್ಡದು, ಆಮೇಲೆ ಚಿಕ್ಕದು. ಜರ್ಮನರು ಹೇಳುವುದು "ಏಳು ಮತ್ತು ತೊಂಬತ್ತು". ಫ್ರಾನ್ಸಿನವರಂತೂ "ಕಾತ್ರ್-ವ್ಯಾಂ-ದಿಸ್ಸೆತ್" ಎನ್ನುತ್ತಾರೆ, ಅಂದರೆ ನಾಲ್ಕು ಇಪ್ಪತ್ತುಗಳು ಮತ್ತು ಹದಿನೇಳು! (ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಷಿಕರು ತೊಂಬತ್ತಕ್ಕೆ "ನೊನಾಂತ್" ಎಂದು ನೇರವಾಗಿ ಹೇಳಿ ನಮ್ಮ ಮೇಲೆ ಕರುಣೆ ತೋರಿದ್ದಾರೆ.) ಫ್ರಾನ್ಸಿನಲ್ಲಿ ಟೆಲಿಫೋನ್ ಸಂಖ್ಯೆಯ ಹತ್ತು ಅಂಕಿಗಳನ್ನು ಎರಡೆರಡಾಗಿ ಜೋಡಿಸಿ ಹೇಳುವ ವಾಡಿಕೆ. 75 ಎಂಬುದು ಅವರ ಬಾಯಲ್ಲಿ "ಅರವತ್ತು-ಹದಿನೈದು". ಹೊಸಬ ಮೊದಲ ಪದ ಕೇಳಿದೊಡನೆ 60 ಎಂದು ಬರೆದುಬಿಡುತ್ತಾನೆ, ಹದಿನೈದು ಬಂದಾಗ 15 ಎಂದು ಮುಂದಿನ ಜೋಡಿಯಾಗಿ ಬರೆಯುತ್ತಾನೆ. ಅಲ್ಲಿಗೆ ಸಂಖ್ಯೆ ಕೆಟ್ಟಿತು.

ಇದಕ್ಕೆ ಮದ್ದು ನಮ್ಮ ಹಬ್ಬ, ಮದುವೆ ಮನೆಗಳಲ್ಲಿ ಆಡುವ ಹೌಸಿ, ಅಂದರೆ ತಂಬೋಲ. 1ರಿಂದ 90ರವರೆಗಿನ ಸಂಖ್ಯೆಗಳು, ಒಂದೊಂದು ಟಿಕೆಟ್ಟಿನಲ್ಲಿ 15. ಸಂಖ್ಯೆಯನ್ನು ಕೂಗುವವರು ಅದನ್ನು ಯಾರಿಗೂ ತೋರಿಸುವುದಿಲ್ಲ. ಅಲ್ಲಿ ಗುಟ್ಟು ತಾನಾಗಿಯೇ ಇದೆ. ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ ಅರ್ಥ ಮಾಡಿಕೊಳ್ಳುತ್ತ ಕುಳಿತರೆ ಅಷ್ಟರಲ್ಲಿ ಮುಂದಿನ ಸಂಖ್ಯೆ ಬಂದಿರುತ್ತದೆ, ಹಾಗಾಗಿ ಕಿವಿ ನೇರವಾಗಿ ಅಂಕಿಯನ್ನು ಹಿಡಿಯಲು ಕಲಿಯುತ್ತದೆ. ನಾನು ಸೇರಿಸುವ ನಿಯಮ ಒಂದೇ: ಗೆದ್ದವರು ತಮ್ಮ ಟಿಕೆಟ್ಟಿನ ಸಂಖ್ಯೆಗಳನ್ನು ಅದೇ ಭಾಷೆಯಲ್ಲಿ ಗಟ್ಟಿಯಾಗಿ ಓದಬೇಕು, ಓದಲಾರದಿದ್ದರೆ ಬಹುಮಾನವಿಲ್ಲ.

ಜರ್ಮನ್ ಕಲಿಯುವವರ ದೊಡ್ಡ ದೂರು ಲಿಂಗದ್ದು. ಕನ್ನಡದಲ್ಲಿ ಅರ್ಥ ನೋಡಿ ಅವನು, ಅವಳು, ಅದು ಎನ್ನುತ್ತೇವೆ. ಅಲ್ಲಿ ಮೇಜು ಗಂಡು, ಬಾಗಿಲು ಹೆಣ್ಣು, ಕಿಟಕಿ ನಪುಂಸಕ. ಹುಡುಗಿ ಎಂಬ ಅರ್ಥದ "ಮೇಡ್ಶೆನ್" ಪದವೂ ನಪುಂಸಕವೇ! ಜೊತೆಗೆ ವಿಭಕ್ತಿ. ನಾವು "ಟೋಪಿಯನ್ನು" ಎಂದು ನಾಮಪದದ ಬಾಲ ಬದಲಾಯಿಸುತ್ತೇವೆ, ಅವರು ಅದರ ಮುಂದಿರುವ ಪದವನ್ನು ಬದಲಾಯಿಸುತ್ತಾರೆ. ಅಲ್ಲಿನ ಮಕ್ಕಳೇ ಆಡುವ ಒಂದು ಆಟ ಇದಕ್ಕೆ ಹೇಳಿ ಮಾಡಿಸಿದಂತಿದೆ. "ನಾನು ಪೆಟ್ಟಿಗೆ ಕಟ್ಟುತ್ತೇನೆ, ಒಂದು ಟೋಪಿ ಇಡುತ್ತೇನೆ" ಎಂದು ಒಬ್ಬರು ಶುರುಮಾಡುತ್ತಾರೆ. ಮುಂದಿನವರು ಟೋಪಿಯನ್ನೂ ಹೇಳಿ ಒಂದು ದೀಪ ಸೇರಿಸುತ್ತಾರೆ, ಮೂರನೆಯವರು ಪುಸ್ತಕ. ಟೋಪಿಗೆ "ಐನೆನ್", ದೀಪಕ್ಕೆ "ಐನೆ", ಪುಸ್ತಕಕ್ಕೆ "ಐನ್". ಹತ್ತನೆಯವರ ಸರದಿ ಮುಗಿಯುವಷ್ಟರಲ್ಲಿ ಟೋಪಿಯ "ಐನೆನ್" ಹತ್ತು ಬಾಯಿಗಳನ್ನು ದಾಟಿರುತ್ತದೆ.

ಇಲ್ಲಿ ಗುಟ್ಟಿಲ್ಲವಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಈ ಆಟದ ಬಲ ಬೇರೆ ಕಡೆ ಇದೆ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೆ ಓದಿದರು. ಇನ್ನೊಂದು ಗುಂಪಿನವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಫಲಿತಾಂಶ ತಲೆಕೆಳಗಾಯಿತು: ನೆನಪಿನಿಂದ ತೆಗೆದವರಿಗೆ ಹೆಚ್ಚು ಉಳಿದಿತ್ತು. ಪೆಟ್ಟಿಗೆಯ ಆಟ ಮಾಡಿಸುವುದೂ ಇದನ್ನೇ. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸನ್ನು ಮೂರು ಸಲ ಓದುವವರು ಇದನ್ನು ಗಮನಿಸಬೇಕು.

ತೀರ ಹೊಸಬರಿಗೆ ಬಾಯಿ ತೆರೆಯುವುದೇ ಕಷ್ಟ. ಅವರಿಗೆ "ಜಾಕ್ ಹೇಳಿದ" ಎಂಬ ಫ್ರೆಂಚ್ ಆಟ ಸಾಕು. "ಜಾಕ್ ಹೇಳಿದ, ಮೂಗು ಮುಟ್ಟಿ" ಎಂದರೆ ಮುಟ್ಟಬೇಕು. ಬರೀ "ಮೂಗು ಮುಟ್ಟಿ" ಎಂದರೆ ಮುಟ್ಟಬಾರದು. ಮಾತಿಗಿಂತ ಮೊದಲು ಕೇಳಿ, ಮೈ ಅಲ್ಲಾಡಿಸಿ ಕಲಿಯುವ ಈ ಕ್ರಮವನ್ನು ಕ್ಯಾಲಿಫೋರ್ನಿಯದ ಜೇಮ್ಸ್ ಆಶರ್ 1960ರ ದಶಕದಲ್ಲಿ ಜಪಾನಿ, ರಷ್ಯನ್ ಭಾಷೆಗಳೊಂದಿಗೆ ಪ್ರಯೋಗಿಸಿ ನೋಡಿದರು.

ಎಲ್ಲ ಆಟಗಳೂ ಒಂದೇ ತೂಕದವಲ್ಲ. ಅಕ್ಷರಗಳನ್ನು ಊಹಿಸುವ ಹ್ಯಾಂಗ್‌ಮನ್ ತರಗತಿಗೆ ಖುಷಿ ಕೊಡುತ್ತದೆ, ಆದರೆ ಇಪ್ಪತ್ತು ನಿಮಿಷದ ಕೊನೆಗೆ ಎರಡು ಪದಗಳ ಕಾಗುಣಿತ ಸಿಕ್ಕಿರುತ್ತದೆ, ಒಂದು ವಾಕ್ಯವೂ ಹುಟ್ಟಿರುವುದಿಲ್ಲ. ಎರಡು ತಂಡ ಮಾಡಿ ಒಬ್ಬೊಬ್ಬರನ್ನೇ ಹಲಗೆಯ ಬಳಿ ಕರೆಯುವ ಆಟವೂ ಹಾಗೆಯೇ. 50 ಜನರ ತರಗತಿಯಲ್ಲಿ 40 ನಿಮಿಷವನ್ನು ಸರದಿಯಂತೆ ಹಂಚಿದರೆ ಒಬ್ಬರಿಗೆ ಬರುವುದು 48 ಸೆಕೆಂಡ್. ಅದೇ ತರಗತಿ ಇಬ್ಬಿಬ್ಬರಾಗಿ ಕುಳಿತು ಆಡಿದರೆ ಒಬ್ಬರ ಪಾಲಿಗೆ 20 ನಿಮಿಷ. ಗದ್ದಲವಾಗುತ್ತದೆ, ಪಕ್ಕದ ತರಗತಿಯಿಂದ ದೂರು ಬರುತ್ತದೆ, ಕೆಲವರು ಸದ್ದಿಲ್ಲದೆ ಕನ್ನಡಕ್ಕೋ ಇಂಗ್ಲಿಷಿಗೋ ಜಾರುತ್ತಾರೆ, ಇನ್ನು ಕೆಲವರು ಎದುರಿನವರ ಹಾಳೆಯನ್ನು ಇಣುಕುತ್ತಾರೆ. ಇಣುಕಿದರೆ ಗುಟ್ಟು ಹೋಯಿತು, ಆಟವೂ ಹೋಯಿತು. ಆದ್ದರಿಂದ ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು ಲೇಸು. ಕಲಿಸದೇ ಇರುವುದನ್ನು ಆಟ ಕಲಿಸಲಾರದು ಎಂಬುದನ್ನೂ ಒಪ್ಪಬೇಕು. ಪದಗಳು ಮೊದಲೇ ಪರಿಚಯವಾಗಿರಬೇಕು, ತಪ್ಪುಗಳನ್ನು ಆಟ ಮುಗಿದ ಮೇಲೆ ಯಾರಾದರೂ ತಿದ್ದಬೇಕು.

ನಿಮ್ಮ ಕಾಲೇಜಿನಲ್ಲಿ ಇದಕ್ಕೆ ಸಮಯ ಸಿಗದಿದ್ದರೆ ಇಬ್ಬರು ಸ್ನೇಹಿತರು ಸಾಕು. ಒಂದೇ ಊರಿನ ನಕ್ಷೆಯನ್ನು ಎರಡು ಹಾಳೆಗಳಲ್ಲಿ ಬರೆಯಿರಿ. ನಿಮ್ಮದರಲ್ಲಿ ಅಂಚೆ ಕಚೇರಿ, ಔಷಧಿ ಅಂಗಡಿ, ನಿಲ್ದಾಣ ಇರಲಿ. ಸ್ನೇಹಿತನದರಲ್ಲಿ ಬ್ಯಾಂಕು, ಬೇಕರಿ, ಆಸ್ಪತ್ರೆ ಇರಲಿ. ಕೇಳಿ ಕೇಳಿ ಇಬ್ಬರ ನಕ್ಷೆಗಳೂ ಒಂದೇ ಆಗುವವರೆಗೆ ತುಂಬಿಸಿ. ಸ್ನೇಹಿತನ ಜೊತೆ ಮಾತಾದ್ದರಿಂದ ಫ್ರೆಂಚಿನಲ್ಲಾದರೆ "ತು" ಎನ್ನಿ, "ವು" ಬೇಡ. ನೀನು-ನೀವು ಭೇದ ಅಲ್ಲಿಯೂ ಉಂಟು, ಕನ್ನಡಿಗರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅಂಕಿಗಳಿಗಾಗಿ 60ರಿಂದ 99ರವರೆಗೆ ನಲವತ್ತು ಚೀಟಿ ಬರೆದು ಒಂದು ಡಬ್ಬಿಗೆ ಹಾಕಿಡಿ. ಒಬ್ಬರು ತೆಗೆದು ಹೇಳುವುದು, ಇನ್ನೊಬ್ಬರು ಬರೆಯುವುದು. ಸರಿಯಾದ ಚೀಟಿ ಪಕ್ಕಕ್ಕೆ, ತಪ್ಪಾದದ್ದು ಮತ್ತೆ ಡಬ್ಬಿಗೆ.