ಡೀಸೆಲ್ ಗಾಡಿಯ ಸಾಕಣೆ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಎಂದೊಡನೆ ಬೇಸಾಯವನ್ನು ಬಲ್ಲವರಿಗೆ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ನೆನಪಿಗೆ ಬರುತ್ತದೆ. ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿದ ಅಣೆಯ ನೀರು ಬಲದಂಡೆಯ ಕಾಲುವೆಯಲ್ಲಿ ಹರಿದುಬರತೊಡಗಿದ ಮೇಲೆ ಈ ಸೀಮೆಯ ಬಾಳೇ ಮಾರ್ಪಟ್ಟಿತು. ಬತ್ತದ ಗದ್ದೆಗಳು ಹರಡಿದುವು; ಅಡಕೆಯ ತೋಟಗಳು ಎದ್ದುವು; ತೋಟದ ಹಿಂದೆಯೇ ಹಣವೂ ಬಂದಿತು. ಹಿಂದೆ ಮನೆಯ ಮಗ್ಗುಲಲ್ಲಿ ಎತ್ತಿನ ಕೊಟ್ಟಿಗೆ ಇದ್ದ ಜಾಗದಲ್ಲಿ ಇಂದು ಅನೇಕ ಮನೆಗಳಲ್ಲಿ ತಗಡಿನ ಮಾಡಿನ ಕೆಳಗೆ ಎತ್ತರವಾದ, ಮೈತುಂಬಿದ ಡೀಸೆಲ್ ಗಾಡಿಯೊಂದು ನಿಂತಿರುವುದನ್ನು ನಾವು ಕಾಣುತ್ತೇವೆ. ಜನ ಇದನ್ನು ಎಸ್‌ಯುವಿ ಎನ್ನುತ್ತಾರೆ. ಇದರಲ್ಲಿ ಗತ್ತು ಎಷ್ಟು, ಅವಶ್ಯಕತೆ ಎಷ್ಟು ಎಂಬುದನ್ನು ವಿಚಾರಿಸುವುದು ನಮ್ಮ ಕೆಲಸವಲ್ಲ. ಆದರೆ ಎತ್ತಿಗೂ ಗಾಡಿಗೂ ಒಂದು ಅಂತರವಿದೆ. ಎತ್ತಿಗೆ ಮೈ ಸರಿಯಿಲ್ಲದಿದ್ದರೆ ಅದು ಮೇವು ಬಿಡುತ್ತದೆ. ಮನೆಯವರೆಲ್ಲರಿಗೂ ಅದು ತಿಳಿಯುತ್ತದೆ. ಗಾಡಿಯಾದರೋ ಮುಂದಿನ ಫಲಕದಲ್ಲಿ ಸಣ್ಣದೊಂದು ದೀಪ ಹೊತ್ತಿಸಿ ಸುಮ್ಮನಾಗುತ್ತದೆ. ಆ ದೀಪದ ಭಾಷೆಯನ್ನು ಅರಿಯಬೇಕಾದರೆ ಎಂಜಿನಿನ ಒಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ತಿಳಿದಿರಬೇಕು.

ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರೂ ಪಂಪಿನ ಬುಡ ಬಿಸಿಯಾಗುವುದನ್ನು ಕಂಡಿದ್ದಾರೆ. ಗಾಳಿಯನ್ನು ಬೇಗನೆ ಅದುಮಿದರೆ ಅದು ಬಿಸಿಯಾಗುತ್ತದೆ. ಈ ಒಂದು ನಿಯಮದ ಮೇಲೆಯೇ ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ ತನ್ನ ಯಂತ್ರವನ್ನು ಕಟ್ಟಿದನು. 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಅದನ್ನು ಪರೀಕ್ಷಿಸಿದಾಗ ಎಣ್ಣೆಯ ಶಾಖದಲ್ಲಿ ನೂರಕ್ಕೆ ಸುಮಾರು 26 ಪಾಲು ಕೆಲಸವಾಗಿ ಮಾರ್ಪಟ್ಟಿತು. ಆ ಕಾಲದ ಉಗಿಯಂತ್ರಗಳು ಇದರ ಅರ್ಧವನ್ನು ಮುಟ್ಟಲೂ ಹೆಣಗುತ್ತಿದ್ದುವು. ಪೆಟ್ರೋಲ್ ಎಂಜಿನಿನಲ್ಲಿರುವಂತೆ ಕಿಡಿ ಹಾರಿಸುವ ಪ್ಲಗ್ಗು ಇದರಲ್ಲಿಲ್ಲ. ಅದುಮಿದ ಗಾಳಿಯ ಕಾವೇ ಇಲ್ಲಿ ಬೆಂಕಿಕಡ್ಡಿ.

ನಮ್ಮ ನಾಡಿನ ಬಿಡದಿಯಲ್ಲಿ ತಯಾರಾಗುವ ಫಾರ್ಚುನರ್ ಗಾಡಿಯ ಡೀಸೆಲ್ ಎಂಜಿನನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ನಾಲ್ಕು ಸಿಲಿಂಡರುಗಳು ಸೇರಿ ಅದರ ಗಾತ್ರ 2,755 ಘನ ಸೆಂಟಿಮೀಟರ್. ಅಂದರೆ ಒಂದೊಂದರಲ್ಲಿ ಪಿಸ್ಟನ್ನು ಸುಮಾರು 689 ಘನ ಸೆಂ.ಮೀ. ಜಾಗವನ್ನು ಗುಡಿಸುತ್ತದೆ. ಒಳಗೆ ಬಂದ ಗಾಳಿಯನ್ನು ಅದು 15.6ರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಎಂಜಿನು ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಈ ಕಾರ್ಯಕ್ಕೆ ಹಿಡಿಯುವ ಕಾಲ ಸೆಕೆಂಡಿನ ಅರವತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟರಲ್ಲಿ ಶಾಖ ಹೊರಕ್ಕೆ ಹೋಗಲು ಹೆಚ್ಚು ಅವಕಾಶವಿಲ್ಲ. ಲೆಕ್ಕ ಹಾಕಿದರೆ ಗಾಳಿಯ ನಿರಪೇಕ್ಷ ಉಷ್ಣತೆ ಮೂರು ಮಡಿಯಾಗುತ್ತದೆ. 27 ಡಿಗ್ರಿ ಸೆಲ್ಸಿಯಸ್ ಇದ್ದುದು 627 ಡಿಗ್ರಿಗೆ ಏರುತ್ತದೆ. ಸಿಲಿಂಡರಿನ ಗೋಡೆ ಕುಡಿದುಕೊಳ್ಳುವ ಶಾಖವನ್ನು ಕಳೆದರೂ, ಡೀಸೆಲ್ ಎಣ್ಣೆ ತಾನಾಗಿ ಹೊತ್ತಿಕೊಳ್ಳಲು ಬೇಕಾದ 250 ಡಿಗ್ರಿಯ ಆಸುಪಾಸಿನ ಉಷ್ಣತೆಗಿಂತ ಇದು ಎಷ್ಟೋ ಹೆಚ್ಚು.

ಈ ಲೆಕ್ಕದಿಂದ ಮಳೆಗಾಲಕ್ಕೆ ಬೇಕಾದ ಇನ್ನೊಂದು ಅಂಕಿಯೂ ದೊರೆಯುತ್ತದೆ. ಪಿಸ್ಟನ್ನು ಪೂರ್ತಿ ಮೇಲೇರಿದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಕೇವಲ 47 ಘನ ಸೆಂ.ಮೀ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಕಾಲುವೆ ಒಡೆದೋ ಹಳ್ಳ ತುಂಬಿಯೋ ರಸ್ತೆಯ ಮೇಲೆ ನಿಂತ ನೀರಿನಲ್ಲಿ ಗಾಡಿಯನ್ನು ನುಗ್ಗಿಸಿದಾಗ, ಗಾಳಿ ಸೇದುವ ಬಾಯಿಂದ ಒಂದು ಸಣ್ಣ ಲೋಟ ಕಾಫಿಯಷ್ಟು ನೀರು ಸಿಲಿಂಡರಿಗೆ ಹೊಕ್ಕರೆ ಸಾಕು, ಪಿಸ್ಟನ್ನಿನ ಉಕ್ಕಿನ ತೋಳು ಬಾಗುತ್ತದೆ. ಗಾಡಿ ಎತ್ತರವಾಗಿದೆ ಎಂಬ ಧೈರ್ಯ ಇಲ್ಲಿ ಅರ್ಧ ಮಾತ್ರ ನಿಜ. ನೀರಿನ ನಡುವೆ ಎಂಜಿನು ನಿಂತುಹೋದರೆ ಮರಳಿ ಚಾಲೂ ಮಾಡಲೇಬಾರದು. ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸುವುದೇ ಜಾಣತನ.

ನೀರಿನಂತೆಯೇ ಧೂಳು. ಇದೇ ಎಂಜಿನು 2,000 ಸುತ್ತಿನ ವೇಗದಲ್ಲಿ ಒಂದು ಗಂಟೆ ಓಡಿದರೆ 165 ಘನ ಮೀಟರ್ ಗಾಳಿಯನ್ನು ಸೇದುತ್ತದೆ; ಸಾಧಾರಣ ಮನೆಯ ಮೂರು ಪಡಸಾಲೆಗಳನ್ನು ತುಂಬುವಷ್ಟು! ಟರ್ಬೊ ಎಂಬ ಪುಟ್ಟ ಗಾಳಿಗಿರಣಿ ಹೊಗೆಯ ಬಲದಿಂದಲೇ ತಿರುಗಿ ಇನ್ನಷ್ಟು ಗಾಳಿಯನ್ನು ಒಳಕ್ಕೆ ನೂಕುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಹೆಚ್ಚು. ನಮ್ಮ ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳುಂಟು. ಅವು ಸಿಲಿಂಡರಿನ ಲೋಹವನ್ನು ಉಜ್ಜುಕಾಗದದಂತೆ ಸವೆಸುತ್ತವೆ. ಕೈಪಿಡಿಯಲ್ಲಿ ಹೇಳಿರುವ ಗಾಳಿಸೋಸಕದ ಅವಧಿ ಡಾಂಬರಿನ ರಸ್ತೆಯಲ್ಲಿ ಓಡುವವರಿಗೆ. ಬತ್ತದ ಕೊಯ್ಲಿನ ಯಂತ್ರಗಳು ಓಡಾಡುವ ತಿಂಗಳುಗಳಲ್ಲಿ ಗದ್ದೆಯ ಬದಿಯಲ್ಲಿ ಬಾಳುವವರು ಅದನ್ನು ಅರ್ಧಕ್ಕೆ ಇಳಿಸುವುದು ಒಳಿತು. ಹೊಟ್ಟು ರೇಡಿಯೇಟರಿನ ಸಂದುಗಳಲ್ಲಿ ತುಂಬಿಕೊಂಡು ಎಂಜಿನು ಕುದಿಯುವುದೂ ಇದೇ ಕಾಲದಲ್ಲಿ.

ಟರ್ಬೊವಿನ ಗಿರಣಿ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅದು ಎಣ್ಣೆಯ ತೆಳುವಾದ ಪೊರೆಯೊಂದರ ಮೇಲೆ ತೇಲುತ್ತಿರುತ್ತದೆ. ಹೆದ್ದಾರಿಯಲ್ಲಿ ಓಡಿಬಂದು ತಟಕ್ಕನೆ ಎಂಜಿನನ್ನು ನಿಲ್ಲಿಸಿದರೆ ಎಣ್ಣೆಯ ಹರಿವು ನಿಂತು, ಅಲ್ಲಿ ಉಳಿದ ಎಣ್ಣೆ ಬಾಣಲೆಯ ತಳದಲ್ಲಿ ಕರಕಲಾಗುವಂತೆ ಸುಟ್ಟು ಕಟ್ಟುತ್ತದೆ. ಒಂದು ನಿಮಿಷ ಹಾಗೆಯೇ ಓಡಲು ಬಿಟ್ಟರೆ ಸಾಕು.

ಇನ್ನು ಎಣ್ಣೆಯ ವಿಚಾರ. ಹಳೆಯ ಟ್ರ್ಯಾಕ್ಟರು ಎಂಥ ಡೀಸೆಲನ್ನಾದರೂ ಅರಗಿಸಿಕೊಳ್ಳುತ್ತದೆ. ಹೊಸ ಗಾಡಿಯ ಹೊಟ್ಟೆ ಅಂಥದಲ್ಲ. ಇದರಲ್ಲಿ ಡೀಸೆಲನ್ನು ವಾತಾವರಣದ ಒತ್ತಡದ ಸುಮಾರು ಎರಡು ಸಾವಿರ ಮಡಿಯಷ್ಟು ಒತ್ತಿ, ಕೂದಲೆಳೆಗಿಂತ ಅಷ್ಟೇನೂ ದಪ್ಪವಲ್ಲದ ರಂಧ್ರಗಳಿಂದ ಸಿಲಿಂಡರಿಗೆ ಚಿಮ್ಮಿಸುತ್ತಾರೆ. ಒತ್ತುವ ಪಂಪಿಗೆ ಬೇರೆ ಎಣ್ಣೆಯಿಲ್ಲ; ಡೀಸೆಲೇ ಅದರ ಜಿಡ್ಡು. ತೋಟದ ಮನೆಯಲ್ಲಿ ಟ್ರ್ಯಾಕ್ಟರಿಗೆಂದು ಪೀಪಾಯಿಯಲ್ಲಿ ಡೀಸೆಲ್ ಇಟ್ಟುಕೊಳ್ಳುವ ರೂಢಿ ಇದೆ. ಅರ್ಧ ಬರಿದಾದ ಪೀಪಾಯಿ ಹಗಲು ಹಿಗ್ಗಿದ ಗಾಳಿಯನ್ನು ಹೊರಬಿಟ್ಟು ರಾತ್ರಿ ತೇವದ ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತದೆ. ಆ ತೇವ ಗೋಡೆಯ ಮೇಲೆ ಹನಿಗಟ್ಟಿ ತಳಕ್ಕಿಳಿಯುತ್ತದೆ. ತುರ್ತಿಗೆಂದು ಆ ತಳದ ಡೀಸೆಲನ್ನು ಗಾಡಿಗೆ ಸುರಿದರೆ ಪಂಪು, ಚಿಮ್ಮುಗೊಳವೆ ಎರಡೂ ಕೆಡುತ್ತವೆ. ಅವುಗಳ ಬೆಲೆಯಲ್ಲಿ ಒಂದು ಜೊತೆ ಎತ್ತನ್ನು ಕೊಳ್ಳಬಹುದು ಎಂದರೆ ಅತಿಶಯೋಕ್ತಿಯಾಗಲಾರದು. ಡೀಸೆಲ್ ಸೋಸಕದ ತಳದಲ್ಲಿ ಕೂಡುವ ನೀರನ್ನು ಆಗಾಗ ಬಸಿದು ತೆಗೆಯಲು ಒಂದು ತಿರುಪು ಇರುತ್ತದೆ. ಅದು ಎಲ್ಲಿದೆ ಎಂದು ಕೇಳಿದರೆ ಗಾಡಿಯ ಯಜಮಾನರಲ್ಲಿ ಹೆಚ್ಚಿನವರು ಚಾಲಕನ ಮುಖ ನೋಡುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಡೀಸೆಲ್ ಎಂಜಿನಿನ ಹಳೆಯ ಪಾಪವೆಂದರೆ ಮಸಿ. ಎಣ್ಣೆಯ ಹನಿಯ ನಡುವಣ ಭಾಗಕ್ಕೆ ಸಾಕಷ್ಟು ಗಾಳಿ ದೊರೆಯದೆ ಅರೆಬೆಂದ ಇಂಗಾಲದ ಕಣಗಳು ಹುಟ್ಟುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲಷ್ಟು ಸೂಕ್ಷ್ಮ ಇವು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದಿತು. ಸಾಮಾನ್ಯ ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಮಸಿಯ ಮಿತಿ 25 ಮಿಲಿಗ್ರಾಮಿನಿಂದ 4.5 ಮಿಲಿಗ್ರಾಮಿಗೆ ಇಳಿಯಿತು. ಡೀಸೆಲಿನಲ್ಲಿರಬಹುದಾದ ಗಂಧಕವೂ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಇದನ್ನು ಸಾಧಿಸಲು ಹೊಗೆಯ ಹಾದಿಯಲ್ಲಿ ಜೇನುಗೂಡಿನಂಥ ಪಿಂಗಾಣಿಯ ಸೋಸಕವೊಂದನ್ನು ಇಟ್ಟರು. ಅದರ ಕೊಳವೆಗಳಲ್ಲಿ ಒಂದು ಬಿಟ್ಟು ಒಂದರ ಕೊನೆ ಮುಚ್ಚಿರುತ್ತದೆ. ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ನುಸುಳಬೇಕು. ಮಸಿ ಗೋಡೆಯಲ್ಲೇ ಉಳಿಯುತ್ತದೆ.

ಉಳಿದ ಮಸಿ ಎಲ್ಲಿಗೆ ಹೋಗಬೇಕು? ಅದನ್ನು ಅಲ್ಲಿಯೇ ಸುಡಬೇಕು. ಸುಡಲು ಸುಮಾರು 600 ಡಿಗ್ರಿ ಉಷ್ಣತೆ ಬೇಕು. ಹೊರೆಯಿಲ್ಲದೆ ನಿಧಾನವಾಗಿ ಓಡುವ ಡೀಸೆಲ್ ಎಂಜಿನಿನ ಹೊಗೆ ಇದರ ಅರ್ಧದಷ್ಟೂ ಬಿಸಿಯಿರುವುದಿಲ್ಲ. ಆದ್ದರಿಂದ ಗಾಡಿಯ ಗಣಕ ಆಗಾಗ ಸ್ವಲ್ಪ ಹೆಚ್ಚು ಡೀಸೆಲನ್ನು ಬಿಟ್ಟು, ಅದು ಹೊಗೆಯ ಹಾದಿಯಲ್ಲಿ ಉರಿಯುವಂತೆ ಮಾಡಿ, ಸೋಸಕವನ್ನು ಕಾಯಿಸುತ್ತದೆ. ಈ ಶುದ್ಧಿ ಮುಗಿಯಲು ಗಾಡಿ ಹದಿನೈದು ಇಪ್ಪತ್ತು ನಿಮಿಷ ಎಡೆಬಿಡದೆ ಓಡಬೇಕು.

ನಮ್ಮ ಪರಿಚಯದ ಅಡಕೆ ಬೆಳೆಗಾರರೊಬ್ಬರ ಗಾಡಿಗೆ ಈ ಹದಿನೈದು ನಿಮಿಷ ಎಂದೂ ದೊರೆಯುತ್ತಿರಲಿಲ್ಲ. ಮನೆಯಿಂದ ತೋಟ, ತೋಟದಿಂದ ಹಾಲಿನ ಡೈರಿ, ಅಲ್ಲಿಂದ ಮೊಮ್ಮಗಳ ಶಾಲೆ. ಎಲ್ಲವೂ ಎರಡು ಮೂರು ಕಿಲೋಮೀಟರಿನ ಓಟ. ಪ್ರತಿ ಸಲವೂ ಶುದ್ಧಿ ಆರಂಭವಾಗಿ ನಡುವೆಯೇ ನಿಲ್ಲುತ್ತಿತ್ತು. ದೀಪ ಹೊತ್ತಿತು. ನಾವು ಕೇಳಿದಾಗ ಅವರು, "ಹತ್ಲಿ ಬಿಡಿ ಮೇಷ್ಟ್ರೇ, ಗಾಡಿ ಓಡ್ತದಲ್ಲ" ಎಂದು ನಕ್ಕರು. ಕೆಲವು ವಾರಗಳ ಬಳಿಕ ಗಾಡಿ ಏರುದಾರಿಯಲ್ಲಿ ಬಲಗುಂದಿ ತೆವಳತೊಡಗಿತು. ಆ ವೇಳೆಗೆ ಸೋಸಕ ಸುಟ್ಟು ಶುದ್ಧಿಯಾಗುವ ಹಂತವನ್ನು ದಾಟಿತ್ತು, ಹೊಸದನ್ನೇ ಹಾಕಿಸಬೇಕಾಯಿತು. ಆ ವರ್ಷ ಮಗಳ ಮದುವೆಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಒಂದು ಪಾಲು ಹೀಗೆ ಮಸಿಯಾಯಿತು. ದೀಪ ಹೊತ್ತಿದ ದಿನವೇ ದಾವಣಗೆರೆಯವರೆಗೆ ಒಂದೇ ಓಟ ಓಡಿಸಿದ್ದರೆ ಇದು ತಪ್ಪಬಹುದಿತ್ತು. ಗಾಡಿಯನ್ನು ಮಾರಿದವರು ಅವರಿಗೆ ಆಸನದ ಚರ್ಮದ ಗುಣವನ್ನು ವಿವರಿಸಿದ್ದರಂತೆ. ಈ ದೀಪದ ಮಾತನ್ನು ಎತ್ತಿರಲಿಲ್ಲ.

ಅರ್ಧಕ್ಕೆ ನಿಂತ ಶುದ್ಧಿಯಿಂದ ಇನ್ನೊಂದು ಕೇಡೂ ಉಂಟು. ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯ ಮೂಲಕ ಎಂಜಿನ್ ಎಣ್ಣೆಗೆ ಇಳಿಯುತ್ತದೆ. ಅಳತೆಕಡ್ಡಿಯಲ್ಲಿ ಎಣ್ಣೆಯ ಮಟ್ಟ ಇಳಿದರೆ ಎಲ್ಲರೂ ಚಿಂತಿಸುತ್ತಾರೆ; ಏರಿದರೆ ಲಾಭವೆಂದು ಬಗೆಯುತ್ತಾರೆ. ಏರಿದುದೇ ಹೆಚ್ಚು ಅಪಾಯ, ಏಕೆಂದರೆ ತೆಳ್ಳಗಾದ ಎಣ್ಣೆ ಬೇರಿಂಗುಗಳನ್ನು ಕಾಯಲಾರದು. ಎಣ್ಣೆಯನ್ನು ಕೊಳ್ಳುವಾಗಲೂ ಕಡಿಮೆ ಬೂದಿಯ ಜಾತಿಯದನ್ನೇ ಕೊಳ್ಳಬೇಕು. ಮಸಿಯನ್ನು ಸುಡಬಹುದು, ಬೂದಿಯನ್ನು ಮತ್ತೆ ಸುಡಲಾಗದಷ್ಟೆ.

ಹೀಗಿರುವಾಗ ಊರೊಳಗೇ ಸುತ್ತುವವರಿಗೆ ಈ ಗಾಡಿ ತಕ್ಕುದೇ ಎಂದು ಕೇಳಿದರೆ, ಅಲ್ಲವೆಂದೇ ನಮ್ಮ ಅಭಿಪ್ರಾಯ. ವಾರಕ್ಕೊಮ್ಮೆಯಾದರೂ ದೂರದ ಪ್ರಯಾಣವಿರುವ, ಏಳೆಂಟು ಜನ ಕೂಡಿ ಹೋಗುವ, ಕೆಸರಿನ ದಾರಿಯಿರುವ ಮನೆಗೆ ಇದು ಒಪ್ಪುತ್ತದೆ. ಉಳಿದವರಿಗೆ ಸಣ್ಣ ಪೆಟ್ರೋಲ್ ಕಾರು ಸಾಕು. ಕೆಸರಿಗೆಂದು ಕೊಡುವ ನಾಲ್ಕು ಚಕ್ರದ ಚಾಲನೆಯನ್ನು ಒಣಗಿದ ಡಾಂಬರಿನ ಮೇಲೆ ಹಾಕಿ ಓಡಿಸುವುದೂ ಸಲ್ಲದು: ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕು, ಕೆಸರಿನಲ್ಲಿ ಜಾರಿ ಹೊಂದಿಕೊಳ್ಳುತ್ತವೆ, ಡಾಂಬರಿನ ಮೇಲೆ ಹಲ್ಲುಚಕ್ರಗಳನ್ನು ತಿರುಚುತ್ತವೆ.

ತೂಕದ ಮಾತನ್ನೂ ಹೇಳಬೇಕು. ಜನರೂ ಸಾಮಾನೂ ಸೇರಿ ಎರಡೂವರೆ ಟನ್ನು ತೂಗುವ ಗಾಡಿ 60 ಕಿ.ಮೀ. ವೇಗದಿಂದ ರಸ್ತೆಯುಬ್ಬಿನ ಬಳಿ 10 ಕಿ.ಮೀ.ಗೆ ಇಳಿದಾಗ ಸುಮಾರು 3.4 ಲಕ್ಷ ಜೂಲ್ ಶಕ್ತಿ ಬ್ರೇಕಿನಲ್ಲಿ ಶಾಖವಾಗಿ ಹೋಗುತ್ತದೆ. ಲೀಟರ್ ಡೀಸೆಲಿನಲ್ಲಿ ಸುಮಾರು 360 ಲಕ್ಷ ಜೂಲ್ ಇದೆ. ಅದರಲ್ಲಿ ಮೂರನೆಯ ಒಂದು ಪಾಲು ಕೆಲಸಕ್ಕೆ ಬರುತ್ತದೆಂದು ಹಿಡಿದರೆ, ಉಬ್ಬು ದಾಟಿ ಮತ್ತೆ ಅದೇ ವೇಗಕ್ಕೆ ಏರಲು 28 ಮಿಲಿಲೀಟರ್ ಬೇಕು. ಮೂವತ್ತೈದು ಉಬ್ಬುಗಳಿಗೆ ಒಂದು ಲೀಟರ್! ನಮ್ಮ ಹಳ್ಳಿಯ ದಾರಿಗಳಲ್ಲಿ ಉಬ್ಬುಗಳಿಗೆ ಬರವಿಲ್ಲ. ಉಬ್ಬನ್ನು ದೂರದಿಂದಲೇ ಕಂಡು ಕಾಲನ್ನು ಎತ್ತುವ ಚಾಲಕ ಬ್ರೇಕಿಗೆ ಹೋಗುವ ಈ ಶಕ್ತಿಯಲ್ಲಿ ಒಂದಷ್ಟನ್ನು ಉಳಿಸುತ್ತಾನೆ.

ಕಡೆಯದಾಗಿ, ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಸುಗ್ಗಿಯ ಕಾಲದಲ್ಲಿ. ಕಣ ಮಾಡುವ ಪದ್ಧತಿ ಕಡಿಮೆಯಾಗಿ ರಸ್ತೆಯೇ ಕಣವಾಗಿದೆ. ಹರಡಿದ ಮೆಕ್ಕೆಜೋಳದ ಕಾಳುಗಳು ಚಕ್ರದ ಕೆಳಗೆ ಗೋಲಿಗಳಂತೆ ಉರುಳಿ ಬ್ರೇಕನ್ನು ನಿಷ್ಫಲಗೊಳಿಸುತ್ತವೆ. ರಾಗಿ, ಹುರುಳಿಗಳ ಒಣಹುಲ್ಲಾದರೋ ಗಾಡಿಯ ಕೆಳಗೆ ತಿರುಗುವ ದಂಡಗಳಿಗೆ ಸುತ್ತಿಕೊಂಡು ಹೊಗೆಕೊಳವೆಯ ಮೈಗೆ ತಾಗುತ್ತದೆ. ಒಣಹುಲ್ಲು ಸುಮಾರು 300 ಡಿಗ್ರಿಯಲ್ಲಿ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಲ್ಲುದು. ಮೇಲೆ ಹೇಳಿದ ಶುದ್ಧಿ ನಡೆಯುತ್ತಿರುವಾಗ ಸೋಸಕದ ಒಳಗೆ ಇರುವುದು 600 ಡಿಗ್ರಿ. ಹೀಗೆ ಕಾರುಗಳು ಸುಟ್ಟುಹೋದ ಸುದ್ದಿ ನಮ್ಮ ನಾಡಿನ ಪತ್ರಿಕೆಗಳಲ್ಲಿ ಸುಗ್ಗಿಯ ದಿನಗಳಲ್ಲಿ ಬರುತ್ತಿರುತ್ತದೆ. ಗಾಡಿ ಎತ್ತರವಿದ್ದರೆ ಹುಲ್ಲು ತಾಗದೆಂದು ನಂಬಬಾರದು. ಹುಲ್ಲನ್ನು ಪಕ್ಕಕ್ಕೆ ಸರಿಸುವವರೆಗೆ ಕಾದು ದಾಟುವುದೇ ಲೇಸು. ದಾಟಲೇಬೇಕಾಗಿ ಬಂದರೆ, ಸ್ವಲ್ಪ ದೂರ ಹೋಗಿ ಬರಿನೆಲದ ಮೇಲೆ ಗಾಡಿ ನಿಲ್ಲಿಸಿ, ಮಕ್ಕಳನ್ನು ಮೊದಲು ಇಳಿಸಿ, ಬಗ್ಗಿ ನೋಡಬೇಕು. ಹೊಗೆಯಿಲ್ಲದೆ ಬರಿಯ ಹುಲ್ಲು ಸುತ್ತಿಕೊಂಡಿದ್ದರೆ ಕೊಳವೆ ತಣ್ಣಗಾದ ಬಳಿಕ ಕುಡುಗೋಲಿನಿಂದ ಮೆಲ್ಲನೆ ಕತ್ತರಿಸಿ ತೆಗೆಯಬೇಕು. ಬಲವಾಗಿ ಎಳೆದರೆ ಹುಲ್ಲಿನೊಂದಿಗೆ ಬ್ರೇಕಿನ ಕೊಳವೆಯೂ ಕಿತ್ತುಬರುವುದುಂಟು.